ಅಕ್ಕನನ್ನು ಒಳಗೆ ಬಿಟ್ಟು ಎಲ್ಲರೂ ಹೊರಗೆ ಬಂದ ಹೊತ್ತು

ಆಲ್ದೂರು

ಆಸ್ಪತ್ರೆಯ ಆ ಬಾಗಿಲು ಹಸಿರು ಬಣ್ಣದ್ದು ಎಂದು ನನ್ನ ದಿನಚರಿಯಲ್ಲಿದೆ. ಬೂದು ಬಣ್ಣದ್ದು ಎನ್ನುತ್ತಾರೆ ಭಾವ. ತೆರೆದವರು ಅವರೇ ಆದ್ದರಿಂದ ಅವರ ಮಾತನ್ನೇ ನಂಬಬೇಕೇನೋ. ಆದರೆ ತಾವು ತೆರೆಯಲೇ ಇಲ್ಲ, ಅದು ತಾನಾಗಿ ಸರಿಯಿತು ಎಂದೂ ಅವರು ಹೇಳುತ್ತಾರೆ. ನಾನು ಚಿಕ್ಕಮಗಳೂರಿನ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುವವಳು. ಕಣ್ಣಾರೆ ಕಂಡವರ ಹೇಳಿಕೆಯನ್ನು ಹೇಗೆ ಅನುಮಾನಿಸಬೇಕು ಎಂದು ಮಕ್ಕಳಿಗೆ ಹೇಳಿಕೊಡುತ್ತೇನೆ. ಇಲ್ಲಿ ಕಣ್ಣಾರೆ ಕಂಡವಳು ನಾನೇ. ಮಾರನೆಯ ಬೆಳಿಗ್ಗೆ ಬರೆದಿಟ್ಟದ್ದಕ್ಕೂ ಈಗ ನೆನಪಿರುವುದಕ್ಕೂ ಹೊಂದದ ಕಡೆ ಹಾಗೆಂದು ಹೇಳಿಬಿಡುತ್ತೇನೆ.

ಇಟಲಿಗೆ ಹೋದವರು ಮೂವರು: ಗಿರಿಜಕ್ಕ, ಅವಳ ಗಂಡ ರುದ್ರಪ್ಪ ಭಾವ, ನಾನು. ಅಕ್ಕನ ಎಡ ಎದೆಯಲ್ಲಿ ಕಡಲೆಕಾಳಿನಷ್ಟು ಗಂಟು ಸಿಕ್ಕಿತ್ತು. ಪರೀಕ್ಷೆ ಮಾಡಿಸಿದಾಗ ಕ್ಯಾನ್ಸರ್ ಎಂದಾಯಿತು. ಬೇಗ ಸಿಕ್ಕಿದೆ, ಗಂಟು ತೆಗೆದು ಆಮೇಲೆ ಕೆಲವು ವಾರ ದಿನಾ ವಿಕಿರಣ ಕೊಟ್ಟರೆ ಸಾಕು ಎಂದರು ಡಾಕ್ಟರು. ನಮ್ಮ ಕಡೆ ಅದಕ್ಕೆ ಕರೆಂಟ್ ಕೊಡುವುದು ಎನ್ನುತ್ತಾರೆ. ನಮ್ಮ ಅವ್ವನ ಗಂಟಲಿಗೂ ಕೊಡಿಸಿದ್ದೆವು. ಮಂಗಳೂರಿನಲ್ಲಿ ಕೋಣೆ ಹಿಡಿದು ಅವ್ವನನ್ನು ದಿನಾ ಆಸ್ಪತ್ರೆಗೆ ಕರೆದುಕೊಂಡು ಹೋದವಳು ಅಕ್ಕ. ಕುತ್ತಿಗೆಯ ಚರ್ಮ ಕಪ್ಪಾಗಿ ಸುಲಿದದ್ದನ್ನು, ಕೊನೆಕೊನೆಗೆ ಅವ್ವ ಆಟೋ ಹತ್ತಲೊಲ್ಲದೆ ಗೇಟು ಹಿಡಿದು ನಿಂತದ್ದನ್ನು ನೋಡಿದವಳು. ಅವ್ವ ಉಳಿಯಲಿಲ್ಲ.

"ಗಂಟು ಬೇಕಾದ್ರೆ ತೆಗೀಲಿ. ಕರೆಂಟ್ ಮಾತ್ರ ಕೊಡಿಸ್ಕೊಳಲ್ಲ" ಎಂದಳು ಅಕ್ಕ. ಕೊಡಿಸಿಕೊಳ್ಳದಿದ್ದರೆ ರೋಗ ಮರಳುವ ಭಯ ಹೆಚ್ಚು ಎಂದು ಡಾಕ್ಟರು ಅವಳೆದುರಿಗೇ ಹೇಳಿದ್ದರು. ಅವಳು ಕೇಳಿಸಿಕೊಂಡಳು, ಮತ್ತೆ ಅದೇ ಮಾತು ಹೇಳಿದಳು.

ದಾರಿ ತೋರಿಸಿದ್ದು ಪಾವೊಲಾ. ಭಾವ ಆಲ್ದೂರಿನಲ್ಲಿ ಕಾಫಿ ವ್ಯಾಪಾರಿ. ಇಟಲಿಯಲ್ಲಿ ಕಾಫಿ ಹುರಿದು ಮಾರುವ ಮಾರ್ಕೊ ಎಂಬಾತ ಕೊಯ್ಲು ಮುಗಿದ ಮೇಲೆ ಹೆಂಡತಿ ಪಾವೊಲಾ ಜೊತೆ ಬಂದು ಇವರ ಮನೆಯಲ್ಲೇ ಉಳಿಯುತ್ತಿದ್ದ. ಭಾವನೂ ಮಾರ್ಕೊನೂ ಗೋದಾಮಿನಲ್ಲಿ ಎದುರುಬದುರು ನಿಂತು ಕಾಫಿಬೀಜ ಕಚ್ಚಿ, ಒಣಗಿದೆಯೋ ಇಲ್ಲವೋ ಎಂದು ಕಣ್ಣಲ್ಲೇ ಚೌಕಾಸಿ ಮಾಡುತ್ತಿದ್ದರು. ಪಾವೊಲಾ ಮತ್ತು ಅಕ್ಕ ಇಬ್ಬರಿಗೂ ಬರುವ ಒಂದೇ ಒಂದು ಭಾಷೆಯೂ ಇಲ್ಲದೆ ಗೆಳತಿಯರಾದವರು. ವಿಷಯ ತಿಳಿದ ದಿನ ಪಾವೊಲಾ ವಿಡಿಯೋ ಕಾಲ್ ಮಾಡಿ, ಯಾರಿದ್ದಾರೆ ಏನು ಎಂದು ಕೇಳದೆ, ಅಂಗಿಯ ಗುಂಡಿ ಬಿಚ್ಚಿ ಎದೆಯ ಮೇಲಿನ ಸಣ್ಣ ಗೆರೆ ತೋರಿಸಿದಳು. ಭಾವ ಅಂಗಳಕ್ಕೆ ಓಡಿದರು. ಅವಳಿಗೂ ಇದೇ ಆಗಿತ್ತೆಂದು ಮಾರ್ಕೊ ಇಂಗ್ಲಿಷಿನಲ್ಲಿ ಹೇಳಿದ. ಅಲ್ಲಿ ಗಂಟು ತೆಗೆದು, ಗಾಯ ಮುಚ್ಚುವ ಮೊದಲೇ, ಆಪರೇಷನ್ ಮೇಜಿನ ಮೇಲೆಯೇ ಆ ಜಾಗಕ್ಕೆ ವಿಕಿರಣ ಕೊಟ್ಟಿದ್ದರು. ಒಂದೇ ಸಲ. ಮತ್ತೆ ಹೋಗಬೇಕಾಗಿಲ್ಲ.

ಇಂಥದ್ದು ನಮ್ಮ ದೇಶದ ದೊಡ್ಡ ಊರುಗಳಲ್ಲೂ ಇದೆ ಎಂದು ಆಮೇಲೆ ಯಾರೋ ಹೇಳಿದರು. ಆದರೆ ಅಕ್ಕ ನಂಬಿದ್ದು ಪಾವೊಲಾಳ ಆ ಗೆರೆಯನ್ನು. "ಒಂದೇ ಸಲ ಆದ್ರೆ ಆಗ್ಲಿ. ಅದೂ ಕೆಟ್ರೆ ಇನ್ನೊಂದು ಸಲ ಅಂತ ನನ್ನ ಹತ್ರ ಕೇಳ್ಬೇಡಿ" ಎಂದಳು.

ವಿಮಾನ ನಿಲ್ದಾಣ

ಮಿಲಾನಿನಲ್ಲಿ ಇಳಿದಾಗ ಅಕ್ಕನ ಚೀಲದಲ್ಲಿದ್ದ ವಿಭೂತಿ ಗಟ್ಟಿಗಳನ್ನು ಅಧಿಕಾರಿಯೊಬ್ಬ ಹೊರತೆಗೆದ. ಬಿಳಿ ಪುಡಿಯ ಇಟ್ಟಿಗೆಗಳು. ಮೂಸಿ ನೋಡಿದ, ಒಂದನ್ನು ಮುರಿದ, ಇನ್ನೊಬ್ಬನನ್ನು ಕರೆದ. ನನ್ನ ಇಂಗ್ಲಿಷು ಅವರಿಗೆ ತಿಳಿಯಲಿಲ್ಲ, ಅವರ ಇಂಗ್ಲಿಷು ನನಗೆ ತಿಳಿಯಲಿಲ್ಲ. ಭಾವ ಮುರಿದ ಚೂರನ್ನು ತೆಗೆದುಕೊಂಡು ನೀರಿನ ಬಾಟಲಿಯಿಂದ ಒದ್ದೆ ಮಾಡಿ ಹಣೆಗೆ ಮೂರು ಪಟ್ಟೆ ಎಳೆದುಕೊಂಡು ಅವರ ಮುಂದೆ ನೆಟ್ಟಗೆ ನಿಂತರು. ಇಬ್ಬರೂ ಸ್ವಲ್ಪ ಹೊತ್ತು ಅವರ ಹಣೆ ನೋಡಿ ಚೀಲ ಮುಚ್ಚಿದರು.

"ನೋಡು ಶೈಲಾ, ಎಮ್ಮೇ ಓದಿದ ನಿನ್ ಕೈಲಿ ಆಗ್ಲಿಲ್ಲ" ಎಂದರು ಭಾವ.

ಅವರು ಆ ದಿನವೆಲ್ಲ ಬಹಳ ಮಾತಾಡಿದರು. ಅಕ್ಕನ ಕಡೆ ಮಾತ್ರ ನೋಡುತ್ತಿರಲಿಲ್ಲ.

ಮಾರ್ಕೊನ ಊರು

ಮಾರ್ಕೊನ ಊರು ಮಿಲಾನಿನಿಂದ ಸ್ವಲ್ಪ ದೂರ, ಆಲ್ದೂರಿಗಿಂತ ತುಸು ದೊಡ್ಡದು. ಮಧ್ಯಾಹ್ನ ಊರಿಗೆ ಊರೇ ಕಿಟಕಿ ಮುಚ್ಚುತ್ತದೆ. ಕಾಫಿ ಅಂಗಡಿಯಲ್ಲಿ ಕುಳಿತು ಕುಡಿಯುವವರು ಕಡಿಮೆ. ನಿಂತೇ ಎರಡು ಗುಟುಕಿಗೆ ಮುಗಿಸಿ, ಕುಡಿದದ್ದು ಔಷಧಿಯೇನೋ ಎಂಬಂತೆ ಹೊರಡುತ್ತಾರೆ. ಸಂಜೆ ಭಾವ ಹಾಲು ಹಾಕಿದ ಕಾಫಿ ಕೇಳಿದರು. ಅಂಗಡಿಯ ಹೆಂಗಸು ಅವರ ಮುಖ ನೋಡಿ ಮಾರ್ಕೊನನ್ನು ಏನೋ ಕೇಳಿದಳು. "ಇವರಿಗೆ ಮೈ ಸರಿಯಿಲ್ಲವೇ" ಎಂದು ಕೇಳಿದಳಂತೆ. ಹಾಲಿನ ಕಾಫಿ ಅಲ್ಲಿ ಬೆಳಗಿನ ತಿಂಡಿಯ ಜೊತೆಗೆ ಮಾತ್ರ.

"ನಮ್ ಕಾಫಿ ಕುಡಿಯಕ್ಕೆ ನಿನ್ ಪರ್ಮಿಷನ್ ಬೇಕಾ ಮಾರಾಯ್ತಿ" ಎಂದು ಭಾವ ಕನ್ನಡದಲ್ಲೇ ಅವಳನ್ನು ಕೇಳಿದರು. ಅವಳು ನಕ್ಕು ಸಕ್ಕರೆ ಪೊಟ್ಟಣ ಮುಂದಕ್ಕೆ ತಳ್ಳಿದಳು.

ಅಕ್ಕ ಬೆಳಿಗ್ಗೆ ಪಾವೊಲಾಳ ಅಡುಗೆಮನೆಯ ಮೂಲೆಯಲ್ಲಿ ಕುಳಿತು ಲಿಂಗಪೂಜೆ ಮಾಡುತ್ತಿದ್ದಳು. ನಮ್ಮ ಮನೆಗಳಲ್ಲಿ ಹುಟ್ಟಿದ ಮಗುವಿಗೇ ಲಿಂಗ ಕಟ್ಟುತ್ತಾರೆ. ದೊಡ್ಡವರಾದ ಮೇಲೆ ಅದು ಬೆಳ್ಳಿಯ ಕರಡಿಗೆಯೊಳಗೆ, ಶಿವದಾರದಲ್ಲಿ, ಎದೆಯ ಮೇಲೆ ಇರುತ್ತದೆ. ಬದುಕಿರುವಷ್ಟು ದಿನ ಮೈಯಿಂದ ಬೇರೆಯಾಗುವುದಿಲ್ಲ. ಸತ್ತಾಗ ಎಡ ಅಂಗೈಯಲ್ಲಿ ಇಟ್ಟು ಜೊತೆಗೇ ಮಣ್ಣು ಮಾಡುತ್ತಾರೆ. ನಾನು ಮೈಸೂರಿಗೆ ಓದಲು ಹೋದಾಗಿನಿಂದ ಕಟ್ಟಿಕೊಂಡಿಲ್ಲ. ಅಕ್ಕ ಸ್ನಾನಕ್ಕೂ ತೆಗೆದವಳಲ್ಲ.

ಪಾವೊಲಾ ಅಕ್ಕನ ಕರಡಿಗೆ ತೋರಿಸಿ, ಆಮೇಲೆ ತನ್ನ ಕೊರಳಿನ ಶಿಲುಬೆ ತೋರಿಸಿ, ಅದನ್ನು ತೆಗೆದು ಮೇಜಿನ ಮೇಲೆ ಇಟ್ಟು, ಕೈ ಅಲ್ಲಾಡಿಸಿದಳು. ತೆಗೆಯಬೇಕಾಗುತ್ತದೆ ಎಂದು ಹೇಳಿದ್ದು. ಅಕ್ಕ ನೋಡಿಯೂ ನೋಡದವಳಂತೆ ಬಿಲ್ವದ ಒಣ ಎಲೆ ಮಡಿಸಿಟ್ಟಳು.

ಆಸ್ಪತ್ರೆ, ಮೊದಲ ಭೇಟಿ

ಸರ್ಜನ್ ಹೆಂಗಸು. ಕುಳ್ಳಗೆ, ಕೆಂಪು ಚೌಕಟ್ಟಿನ ಕನ್ನಡಕ. ನಾವು ಮೂವರೂ ಒಳಗೆ ಹೋಗಿ ಕುಳಿತೆವು. ಭಾವ ಮುಂದಿನ ಕುರ್ಚಿ ಎಳೆದುಕೊಂಡು, ನಮ್ಮಲ್ಲಿ ಮಾಡುವಂತೆ, ಡಾಕ್ಟರ ಜೊತೆ ಮಾತಾಡಲು ಸಿದ್ಧರಾದರು. ಆಕೆ ಅವರಿಗೆ ನಮಸ್ಕಾರ ಹೇಳಿ, ಅವರನ್ನೂ ನನ್ನನ್ನೂ ಹೊರಗೆ ಕಳಿಸಿದರು.

ನಮ್ಮ ಕಡೆ ಹೆಚ್ಚಾಗಿ ಇದು ಪೂರಾ ಉಲ್ಟಾ. ರೋಗಿಯನ್ನು ಹೊರಗೆ ಕೂರಿಸಿ ಮನೆಯವರಿಗೆ ಹೇಳುತ್ತಾರೆ, ಮನೆಯವರು ಅದರಲ್ಲಿ ಅರ್ಧ ನುಂಗಿ ಇನ್ನರ್ಧ ಹೇಳುತ್ತಾರೆ. ಅವ್ವ ತನಗೇನಾಗಿದೆ ಎಂದು ಯಾರ ಬಾಯಿಂದಲೂ ಕೇಳದೆ ಹೋದಳು. ಇಲ್ಲಿ ಹೇಳುವುದೆಲ್ಲ ರೋಗಿಗೆ. ಅವಳು ಒಪ್ಪಿದರೆ, ಅವಳೆದುರಿಗೇ, ಮಿಕ್ಕವರಿಗೆ. ಭಾವ ಬಾಗಿಲ ಹೊರಗೆ ಬೆವರುತ್ತ ನಿಂತರು. "ಅವಳೊಬ್ಬಳಿಗೇ ಹೇಳಿಬಿಟ್ರೆ ಅವಳ ಎದೆ ಒಡೆಯಲ್ವ" ಎಂದರು.

ಒಳಗೆ ಅಕ್ಕನ ಜೊತೆ ಇದ್ದವಳು ಲಿಸ್ಸಿ ಎಂಬ ನರ್ಸು. ಕೇರಳದವಳು, ಮಂಗಳೂರಿನಲ್ಲಿ ನರ್ಸಿಂಗ್ ಓದಿದ್ದರಿಂದ ಕನ್ನಡ ಬರುತ್ತಿತ್ತು. ಅವಳೇ ಡಾಕ್ಟರ ಮಾತನ್ನು ಅಕ್ಕನಿಗೆ ತಿಳಿಸಿದಳು. ಬಹಳ ಹೊತ್ತಾಯಿತು. ಹೊರಗೆ ಬಂದ ಅಕ್ಕ ಸೆರಗು ಸರಿಮಾಡಿಕೊಂಡಳು.

"ಎಂತ ಹೇಳಿದ್ರೇ?" ಎಂದರು ಭಾವ.

"ಎಲ್ಲಾ ಹೇಳಿದ್ರು."

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ. ಹಸಿವಾಗ್ತಿದೆ, ನಡೀರಿ."

ಆಪರೇಷನ್ ದಿನ

ಬೆಳಿಗ್ಗೆ ಲಿಸ್ಸಿ ಬಂದು, "ಆಂಟಿ, ಮೈಮೇಲೆ ಏನೂ ಇರಬಾರದು. ಇದು ತೆಗೀಬೇಕು" ಎಂದಳು.

ಬಳೆ, ಓಲೆ, ತಾಳಿ ಎಲ್ಲ ತೆಗೆದುಕೊಟ್ಟ ಅಕ್ಕ ಕರಡಿಗೆಯ ಮೇಲೆ ಕೈ ಇಟ್ಟು ಕುಳಿತಳು. ತೋಳಿಗೆ ಕಟ್ಟಿ ಎಂದಳು. ಆಗುವುದಿಲ್ಲ. ಬೆಳ್ಳಿ ತೆಗೆದು ಬರೀ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ಅಂಗೈಗೆ ಅಂಟಿಸಿ ಎಂದಳು. ಲಿಸ್ಸಿ ಒಳಗೆ ಹೋಗಿ ಕೇಳಿ ಬಂದಳು. ಅದೂ ಆಗುವುದಿಲ್ಲ. ಅಕ್ಕ ಹಟ ಹಿಡಿಯುವವಳಲ್ಲ. ಅಂದು ಹಿಡಿದಳು. ಗಾಲಿಮಂಚ ಬಂದು ನಿಂತೇ ಇತ್ತು. ನಾನು ಇದನ್ನು ಸಂಪ್ರದಾಯದ ಹಟ ಎಂದುಕೊಂಡೆ, ನನಗೆ ಸಿಟ್ಟೂ ಬಂತು.

ಕೊನೆಗೆ ಅವಳೇ ಶಿವದಾರ ತೆಗೆದು ನನ್ನ ಕೊರಳಿಗೆ ಹಾಕಿದಳು. "ನಿನ್ ಮೈಮೇಲೆ ಇರ್ಲಿ. ಎಲ್ಲೂ ಕೆಳಗಿಡಬೇಡ." ಬೆಳ್ಳಿ ಅವಳ ಮೈಯಿಂದ ಬೆಚ್ಚಗಿತ್ತು.

ನಾವು ಕಾದು ಕುಳಿತದ್ದು ಆಪರೇಷನ್ ವಿಭಾಗದ ಹೊರಗಿನ ಬೆಂಚಿನಲ್ಲಿ. ಹಳೆಯ ಕಟ್ಟಡ. ಲಿಸ್ಸಿ ಆಗಾಗ ಬಂದು, ನಡೀತಾ ಇದೆ ಎಂದು ಹೇಳಿ ಹೋಗುತ್ತಿದ್ದಳು. ಒಮ್ಮೆ ಅವಳು ಹೋದ ಮೇಲೆ, ಬಟ್ಟೆ ತುಂಬಿದ ಗಾಡಿಯೊಂದು ವಿಭಾಗದ ಬಾಗಿಲಲ್ಲಿ ಚಕ್ರ ಸಿಕ್ಕಿಕೊಂಡು ನಿಂತಿತು. ತಳ್ಳುತ್ತಿದ್ದ ಹೆಂಗಸು ಅದನ್ನು ಅಲ್ಲೇ ಬಿಟ್ಟು ಯಾರನ್ನೋ ಕರೆಯಲು ಹೋದಳು. ತೆರೆದೇ ಉಳಿದ ಬಾಗಿಲಿನಿಂದ ಒಳಗಿನ ಕಾರಿಡಾರು ಪೂರ್ತಿ ಕಾಣುತ್ತಿತ್ತು. ಕೊನೆಯಲ್ಲಿ ಇನ್ನೊಂದು ದೊಡ್ಡ ಬಾಗಿಲು, ನಾನು ಹಸಿರು ಎಂದು ಬರೆದದ್ದು. ಅದು ಸರಿಯಿತು. ಆಪರೇಷನ್ ಅಂಗಿ ತೊಟ್ಟ ಐದಾರು ಜನ ಒಬ್ಬರ ಹಿಂದೆ ಒಬ್ಬರು ಹೊರಗೆ ಬಂದರು. ಅವರಲ್ಲಿ ಕೆಂಪು ಕನ್ನಡಕದ ಸರ್ಜನ್ ಇದ್ದರು. ಬಾಗಿಲು ಮುಚ್ಚಿತು. ಮೇಲೆ ಕೆಂಪು ದೀಪ ಹತ್ತಿತು. ಒಬ್ಬಾತ ಕುತ್ತಿಗೆ ಉಜ್ಜಿಕೊಂಡ. ಇನ್ನೊಬ್ಬಳು ಮುಖದ ಮುಸುಕು ಕೆಳಗೆಳೆದು ಉಸಿರು ಬಿಟ್ಟಳು. ಯಾರೂ ಮಾತಾಡಲಿಲ್ಲ. ಎಲ್ಲರೂ ನಮಗೆ ಬೆನ್ನು ಮಾಡಿ ಗೋಡೆಯ ಕಡೆ ತಿರುಗಿ ನಿಂತರು.

ಒಳಗೆ ಯಾರೂ ಉಳಿದಿಲ್ಲ ಎಂದು ನನಗೂ ಹೊಳೆಯಿತು. ಡಾಕ್ಟರುಗಳು ಹೀಗೆ ಒಟ್ಟಿಗೆ, ಮಾತಿಲ್ಲದೆ, ಮುಖ ತೋರಿಸದೆ ಥಿಯೇಟರಿನಿಂದ ಹೊರಬಂದರೆ ಏನರ್ಥ ಎಂದು ನಮ್ಮೂರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅವ್ವ ಹೋದ ದಿನವೂ ಅವಳ ಕೋಣೆಯಿಂದ ಹೀಗೇ ಬಂದಿದ್ದರು.

"ಎಲ್ಲಾ ಹೊರಗೆ ಬಂದ್ರಲ್ಲೇ" ಎಂದರು ಭಾವ. ದನಿ ಬಹಳ ಸಣ್ಣಗಿತ್ತು. "ಕೊಡು ಅದನ್ನ."

"ಭಾವ, ಲಿಸ್ಸಿ ಬರ್ಲಿ, ಕೇಳಣ."

"ಎಂತ ಕೇಳೋದು? ಬರಿಗೈಲಿ ಹೋಗ್ಬಾರ್ದು ಅವಳು. ಕೊಡು."

ಕೊಟ್ಟೆನೋ, ಅವರೇ ನನ್ನ ಕೊರಳಿನಿಂದ ತೆಗೆದರೋ ಗೊತ್ತಿಲ್ಲ. ದಿನಚರಿಯಲ್ಲಿ ಅವರು ಓಡಿದರು ಎಂದಿದೆ. ನೆನಪಿನಲ್ಲಿ ಅವರು ನಿಧಾನವಾಗಿ, ಮಠದೊಳಗೆ ನಡೆಯುವ ಹಾಗೆ, ಎರಡೂ ಕೈಯಲ್ಲಿ ಕರಡಿಗೆ ಹಿಡಿದು ನಡೆಯುತ್ತಾರೆ. ಗಾಡಿ ದಾಟಿದರು. ನಾನು ಹಿಂದೆಯೇ ಹೋದೆ. ಗೋಡೆಯ ಕಡೆ ನೋಡುತ್ತಿದ್ದವರು ನಮ್ಮನ್ನು ಗಮನಿಸಲಿಲ್ಲ. ಬಾಗಿಲ ಪಕ್ಕದ ಗೋಡೆಯಲ್ಲಿ ಅಗಲವಾದ ಲೋಹದ ಗುಂಡಿಯಿತ್ತು. ಭಾವ ಅದರ ಮೇಲೆ ಅಂಗೈ ಊರಿದರು. ತಲೆ ಸುತ್ತಿ ಆನಿಸಿಕೊಂಡದ್ದು ಅಷ್ಟೇ ಎನ್ನುತ್ತಾರೆ ಈಗ. ಬಾಗಿಲು ಸರಿಯಿತು.

ಎಲ್ಲೋ ಏನೋ ಕೀ ಎಂದಿತು. ಕೆಂಪು ದೀಪ ಆರಿತು.

ತೆರೆದ ಸಂದಿಯಲ್ಲಿ ನಾನು ಕಂಡದ್ದು ಇದು: ಉರಿಯುವ ದೀಪಗಳ ಕೆಳಗೆ ಹಸಿರು ಬಟ್ಟೆಯ ದಿಬ್ಬ. ಅದರ ಮೇಲೆ ಬಾಗಿದ ದೊಡ್ಡ ಯಂತ್ರದ ಕತ್ತು. ಯಂತ್ರದಿಂದ ಇಳಿದ, ಲಾಟೀನಿನ ಗಾಜಿನಂಥ ಪಾರದರ್ಶಕ ಕೊಳವೆ ನೇರ ಅಕ್ಕನ ತೆರೆದ ಎದೆಯೊಳಕ್ಕೆ ಹೋಗಿತ್ತು. ಸುತ್ತ ಒಬ್ಬ ಮನುಷ್ಯನೂ ಇಲ್ಲ. ಕೊಳವೆಯನ್ನು ನಾನು ನಿಜವಾಗಿ ಕಂಡೆನೋ, ಆಮೇಲೆ ಲಿಸ್ಸಿ ಹೇಳಿದ್ದರಿಂದ ಕಟ್ಟಿಕೊಂಡೆನೋ ಹೇಳಲಾರೆ. ಯಾರೂ ಇರಲಿಲ್ಲ ಎಂಬುದನ್ನು ಮಾತ್ರ ಕಂಡೆ. ನನ್ನ ಅಕ್ಕನನ್ನು ಸೀಳಿ, ಹಾಗೇ ಬಿಟ್ಟು, ಎಲ್ಲರೂ ಹೊರಗೆ ಬಂದಿದ್ದರು. ಮೂಲೆಯ ಪರದೆಯೊಂದರಲ್ಲಿ ಹಸಿರು ಗೆರೆ ಏರುತ್ತ ಇಳಿಯುತ್ತ ಓಡುತ್ತಿತ್ತು.

"ಉಸಿರಾಡ್ತಿದಾಳೆ" ಎಂದರು ಭಾವ. ಅಲ್ಲೇ ನೆಲಕ್ಕೆ ಕುಳಿತರು.

ಆಮೇಲೆ ಗಲಾಟೆ. ಸರ್ಜನ್ ಕೂಗಿದರು. ಯಾರೋ ಭಾವನ ಎರಡೂ ಕಂಕುಳಿಗೆ ಕೈ ಹಾಕಿ ಹಿಂದಕ್ಕೆ ಎಳೆದರು. ಗೋಡೆಯ ಬಳಿ ಯಂತ್ರದ ಪರದೆಯ ಮುಂದೆ ಕುಳಿತಿದ್ದ ಹುಡುಗಿಯಂಥ ಹೆಂಗಸೊಬ್ಬಳು ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿ, ಪರದೆ ಓದಿ, ಎರಡು ಮಾತು ಹೇಳಿದಳು. ಬಾಗಿಲು ಮುಚ್ಚಿತು. ದೀಪ ಮತ್ತೆ ಕೆಂಪಾಯಿತು. ನಮ್ಮನ್ನು ಬೆಂಚಿಗೆ ತಂದು ಕೂರಿಸಿದರು. ಕಾರಿಡಾರಿನ ಬಾಗಿಲನ್ನೂ ಹಾಕಿಕೊಂಡರು.

ಲಿಸ್ಸಿ ಬಂದಾಗ ಅವಳ ಮುಖ ಬಿಳುಚಿತ್ತು.

"ಏನು ಮಾಡಿದ್ರಿ ಅಂಕಲ್. ಕರೆಂಟ್ ಕೊಡ್ತಾ ಇದ್ರು. ಗಂಟು ತೆಗೆದ ಜಾಗಕ್ಕೆ ನೇರ ಕೊಡೋದು. ಹೃದಯಕ್ಕೆ ಹೋಗಬಾರದು ಅಂತ ಒಳಗೆ ಒಂದು ತಟ್ಟೆ ಇಟ್ಟಿರ್ತಾರೆ. ಆ ಟೈಮಲ್ಲಿ ರೂಮಲ್ಲಿ ಯಾರೂ ಇರಬಾರದು. ಹೊರಗಿಂದ ಸ್ಕ್ರೀನಲ್ಲಿ ಅವರ ಉಸಿರು, ಹಾರ್ಟು ಎಲ್ಲಾ ನೋಡ್ತಾ ಇರ್ತಾರೆ. ಬಾಗಿಲು ತೆಗೆದ್ರೆ ಮಿಷನ್ ನಿಂತುಬಿಡ್ತದೆ."

"ಅರ್ಧಕ್ಕೆ ನಿಂತ್ರೆ ಎಂತ ಆಗುತ್ತೆ?" ಎಂದರು ಭಾವ.

"ನಂಗೆ ಗೊತ್ತಿಲ್ಲ. ಡಾಕ್ಟರೇ ಹೇಳಬೇಕು." ಅವಳು ನನ್ನ ಕಡೆ ತಿರುಗಿದಳು. "ಆಂಟಿಗೆ ಎಲ್ಲಾ ಗೊತ್ತಿತ್ತಲ್ಲ. ಎಲ್ಲರೂ ಹೊರಗೆ ಹೋಗ್ತಾರೆ, ಒಬ್ಬರೇ ಇರ್ತೀರಿ ಅಂತ ಡಾಕ್ಟರ್ ಹೇಳಿದ್ರು, ನಾನೇ ಕನ್ನಡದಲ್ಲಿ ಹೇಳಿದೆ. ನಿಮಗೆ ಹೇಳಿಲ್ವಾ?"

ಅಕ್ಕ ನಮಗೆ ಹೇಳಿರಲಿಲ್ಲ. ಬೆಳಿಗ್ಗೆ ಗಾಲಿಮಂಚದ ಪಕ್ಕ ಅಕ್ಕ ಕರಡಿಗೆಯ ಮೇಲೆ ಕೈ ಇಟ್ಟು ಕುಳಿತದ್ದಕ್ಕೆ ನಾನು ಕೊಟ್ಟುಕೊಂಡಿದ್ದ ಅರ್ಥ ತಪ್ಪಾಗಿತ್ತು.

ವಿಕಿರಣ ಕೊಡುವುದು ಬರೀ ಒಂದೆರಡು ನಿಮಿಷದ ಕೆಲಸವಂತೆ. ಇದನ್ನು ಬರೆಯುವಾಗಲೂ ನನಗೆ ನಂಬಿಕೆಯಿಲ್ಲ. ಅವರು ಗೋಡೆ ನೋಡುತ್ತ ನಿಂತದ್ದು ನನ್ನ ಲೆಕ್ಕದಲ್ಲಿ ಮುಗಿಯುವುದೇ ಇಲ್ಲ.

ಮತ್ತೆ ಮಾರ್ಕೊನ ಊರು

ಅಕ್ಕ ಚೇತರಿಸಿಕೊಂಡು ಮನೆಗೆ ಬಂದಳು. ಲಿಂಗ ಅವಳ ಕೊರಳಿಗೆ ಮರಳಿತ್ತು. ತೆಗೆದ ಗಂಟಿನ ಪರೀಕ್ಷೆಯ ಫಲಿತಾಂಶ ಬರುವವರೆಗೆ ಕಾಯಬೇಕಿತ್ತು. ಬಾಗಿಲಿನ ವಿಷಯ ನಾವು ಹೇಳದ್ದರಿಂದ ಅಕ್ಕನಿಗೆ ಕಾಯುವುದು ಅದೊಂದಕ್ಕೆ. ಭಾವನಿಗೆ ಇನ್ನೊಂದಕ್ಕೂ. ಕರೆಂಟು ಪೂರಾ ಕೊಟ್ಟಾಯಿತೋ, ಅರ್ಧಕ್ಕೆ ಕೆಟ್ಟಿತೋ. ಕೆಟ್ಟಿದ್ದರೆ ಅಕ್ಕ ಇನ್ನೊಂದು ಸಲ ಒಪ್ಪುವವಳಲ್ಲ. ಅವಳ ಆ ಒಂದೇ ಸಲವನ್ನು ಹಾಳುಮಾಡಿದವರು ತಾವು.

"ಫೋನ್ ಮಾಡಿ ಕೇಳ್ಬಿಡಣ ಭಾವ" ಎಂದೆ.

"ಕೇಳಿದ್ರೆ ಅವಳಿಗೇ ಮೊದ್ಲು ಹೇಳ್ತಾರೆ. ಇದೆಂಥ ಊರೇ, ಗುಟ್ಟಾಗಿ ಒಂದು ಮಾತು ಕೇಳಕ್ಕಾಗಲ್ಲ."

ಊರಿನಲ್ಲಾದರೆ ಡಾಕ್ಟರ ಮನೆಗೇ ಹೋಗಿ ಕೇಳಬಹುದಿತ್ತು. ಭಾವ ಕಾಫಿ ಬಿಟ್ಟರು. ಮಾರ್ಕೊ ತನ್ನ ಗೋದಾಮಿಗೆ ಕರೆದುಕೊಂಡು ಹೋಗಿ ನಮ್ಮ ಕಡೆಯ ಚೀಲ ಬಿಚ್ಚಿ ಬೀಜ ಕೊಟ್ಟರೆ, ಕಚ್ಚದೆ ಅಂಗೈಯಲ್ಲಿ ಹಿಡಿದುಕೊಂಡೇ ನಿಂತರಂತೆ. ಅಕ್ಕ ಒಮ್ಮೆ, "ಏನ್ರೀ, ಹಾಲು ಹಾಕ್ಕೊಡ್ಲಿಲ್ಲ ಅಂತ ಇನ್ನೂ ಕೋಪನಾ" ಎಂದು ಕೆಣಕಿದಳು. ಅವರು ನಗಲಿಲ್ಲ.

ಫಲಿತಾಂಶದ ದಿನ

ಈ ಸಲ ಅಕ್ಕ ನಮ್ಮನ್ನೂ ಒಳಗೆ ಕರೆದಳು. ಸರ್ಜನ್ ಅಕ್ಕನನ್ನೇ ನೋಡಿ ಮಾತಾಡಿದರು, ಲಿಸ್ಸಿ ಒಂದೊಂದೇ ಮಾತನ್ನು ಕನ್ನಡಕ್ಕೆ ತಂದಳು.

"ಗಂಟು ಪೂರಾ ಬಂದಿದೆ. ಅಂಚಲ್ಲಿ ಏನೂ ಉಳಿದಿಲ್ಲ. ರೋಗ ಕಂಕುಳಿಗೂ ಹೋಗಿಲ್ಲ."

ಅಕ್ಕ ತಲೆಯಾಡಿಸಿದಳು.

"ಇನ್ನೊಂದು ವಿಷಯ. ಇದನ್ನ ತಿಳ್ಕೊಳೋದು ನಿಮ್ಮ ಹಕ್ಕು ಅಂತ ಡಾಕ್ಟರ್ ಹೇಳ್ತಾರೆ." ಲಿಸ್ಸಿ ಭಾವನ ಕಡೆ ನೋಡಿ ನಿಂತಳು. ಸರ್ಜನ್ ಕೈಯಲ್ಲೇ ಮುಂದುವರಿಸು ಎಂದರು. "ಕರೆಂಟ್ ಕೊಡೋವಾಗ ಮಧ್ಯದಲ್ಲಿ ಒಂದು ಸಲ ನಿಂತಿತ್ತು. ನಿಮ್ಮ ಯಜಮಾನ್ರು ಬಾಗಿಲು ತೆಗೆದ್ರು. ತೆಗೆದ ತಕ್ಷಣ ಮಿಷನ್ ತಾನೇ ನಿಂತಿತು, ಅವರಿಗೂ ಏನೂ ತಾಗಿಲ್ಲ. ಅಲ್ಲಿವರೆಗೆ ಎಷ್ಟು ಕೊಟ್ಟಾಗಿದೆ ಅಂತ ಅದಕ್ಕೆ ಗೊತ್ತಿರ್ತದೆ. ಮಿಕ್ಕಿದ್ದನ್ನ ಆಮೇಲೆ ಕೊಟ್ರು. ಎಷ್ಟು ಕೊಡಬೇಕೋ ಅಷ್ಟೂ ಆಗಿದೆ. ಇನ್ನು ಕರೆಂಟ್ ಬೇಡ."

ಭಾವ ಎರಡೂ ಕೈಯಿಂದ ಮುಖ ಮುಚ್ಚಿಕೊಂಡರು. ಅಕ್ಕ ಅವರ ಕಡೆ ತಿರುಗಿದಳು.

"ನೀವು ಒಳಗೆ ಬಂದಿದ್ರಾ?"

"ಬಾಗಿಲ ತನಕ."

"ಯಾಕ್ರೀ?"

"ಎಲ್ಲಾ ಹೊರಗೆ ಬಂದ್ರು. ನೀನು ಹೋಗ್ಬಿಟ್ಟೆ ಅಂದ್ಕೊಂಡೆ." ಮುಖದಿಂದ ಕೈ ತೆಗೆಯದೆ ಹೇಳಿದರು. "ಕೈಗೆ ಕೊಡಣ ಅಂತ ಬಂದೆ."

ಅಕ್ಕ ಕೊರಳಿನ ಕರಡಿಗೆಯ ಮೇಲೆ ಕೈ ಇಟ್ಟಳು.

"ಎಲ್ಲಾ ಹೊರಗೆ ಹೋಗ್ತಾರೆ ಅಂತ ಗೊತ್ತಿತ್ತು ನಂಗೆ. ನಿಮಗೆ ಹೇಳಿದ್ರೆ ನೀವು ತಡ್ಕೊಳಲ್ಲ ಅಂತ ಹೇಳ್ಲಿಲ್ಲ" ಎಂದಳು. ಆಮೇಲೆ ಮೆಲ್ಲಗೆ, "ಹೆದ್ರಿಕೆ ನನಗೊಬ್ಬಳಿಗೇ ಅಂದ್ಕೊಂಡಿದ್ದೆ."

ಭಾವ ಅತ್ತರು. ಅವ್ವನ ಮಣ್ಣಿನಲ್ಲೂ ಅಳದ ಮನುಷ್ಯ, ಪರದೇಶದ ಡಾಕ್ಟರ ಕೋಣೆಯಲ್ಲಿ ದನಿ ತೆಗೆದು ಅತ್ತರು. ಅಕ್ಕ ಎಡಗೈ ಎತ್ತಲಾಗದೆ, ಬಲಗೈಯನ್ನು ಮೈಗೆ ಅಡ್ಡ ತಂದು ಅವರ ಮಂಡಿಯ ಮೇಲೆ ಇಟ್ಟಳು.

ಸರ್ಜನ್ ಕನ್ನಡಕ ತೆಗೆದು ಒಬ್ಬೊಬ್ಬರ ಮುಖವನ್ನೂ ನೋಡಿ ಲಿಸ್ಸಿಗೆ ಏನೋ ಹೇಳಿದರು.

"ಆಂಟಿ, ನೀವು ಏನು ಮಾತಾಡ್ತಾ ಇದ್ದೀರಿ, ಏನಾದ್ರೂ ತೊಂದರೆ ಇದೆಯಾ ಅಂತ ಡಾಕ್ಟರ್ ಕೇಳ್ತಿದ್ದಾರೆ. ಹೇಳಲಾ?"

"ಬೇಡ" ಎಂದಳು ಅಕ್ಕ. "ಇದು ನಮ್ಮನೆ ಮಾತು."